ಹೆಸರೇ ಕೇಳದ ಹಾರ್ಡ್‌ವೇರ್ ಬ್ರಾಂಡ್‌ಗಳು ಇಷ್ಟು ವರ್ಷ ಬದುಕುವುದು ಹೇಗೆ?

ಪ್ರಶ್ನೆ — ಮೊದಲ ಬಿಲ್ಡ್

ಎಲ್ಲರಿಗೂ ನಮಸ್ಕಾರ. ತಂಗಿಗೆ ಒಂದು ಕಂಪ್ಯೂಟರ್ ಜೋಡಿಸಿ ಕೊಡೋಣ ಅಂತ ಹೊರಟಿದ್ದೇನೆ. ಅವಳು ವಿಡಿಯೊ ಎಡಿಟಿಂಗ್ ಕಲಿಯುತ್ತಿದ್ದಾಳೆ. ಪ್ರೊಸೆಸರ್ ಆರಿಸುವುದು ಬೇಗ ಮುಗಿಯಿತು. ಅಲ್ಲಿ ಇರುವುದೇ ಎರಡು ಕಂಪನಿ. ಆಮೇಲೆ ಪವರ್ ಸಪ್ಲೈ, ಎಸ್‌ಎಸ್‌ಡಿ, ರ‍್ಯಾಮ್, ಕೂಲರ್ ಹುಡುಕಲು ಕೂತಾಗ ದಾರಿಯೇ ತಿಳಿಯದ ಹಾಗಾಯಿತು. ಒಂದೊಂದಕ್ಕೂ ನಲವತ್ತು ಹೆಸರು. ಅದರಲ್ಲಿ ಮೂವತ್ತು ನಾನು ಕೇಳಿಯೇ ಇಲ್ಲ.

ಎರಡು ಬೇರೆ ಬೇರೆ ಬ್ರಾಂಡಿನ ಎಸ್‌ಎಸ್‌ಡಿ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮೇಲಿನ ಸ್ಟಿಕರ್ ಬಿಟ್ಟರೆ ಬೋರ್ಡ್ ಒಂದೇ. ಚಿಪ್ ಕೂತಿರುವ ಜಾಗ ಒಂದೇ, ಪಕ್ಕದ ಸಣ್ಣ ಸಣ್ಣ ಭಾಗಗಳ ಸಾಲೂ ಒಂದೇ. ಒಂದು ಎಲ್ಲರಿಗೂ ಗೊತ್ತಿರುವ ಹೆಸರು, ಇನ್ನೊಂದು ಯಾರಿಗೂ ಗೊತ್ತಿಲ್ಲ.

ದೊಡ್ಡ ಕಂಪನಿಗಳ ಹತ್ತಿರ ಜಾಹೀರಾತಿಗೆ ದುಡ್ಡಿದೆ, ಸ್ವಂತ ಕಾರ್ಖಾನೆ ಇದೆ. ಈ ಸಣ್ಣವರು ಅವರ ಮಧ್ಯೆ ಹೇಗೆ ನಿಲ್ಲುತ್ತಾರೆ? ನಾಳೆ ಬಾಗಿಲು ಹಾಕಿದರೆ ವಾರಂಟಿ ಗತಿ ಏನು? ತಂಗಿಯ ಕೆಲಸ ಪೂರ್ತಿ ಆ ಡ್ರೈವ್‌ನಲ್ಲೇ ಇರುತ್ತದೆ, ಅದಕ್ಕೇ ಭಯ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ 1 — ರಿಪೇರಿ ಟೇಬಲ್

ನಾನು 19 ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ನನ್ನ ಟೇಬಲ್‌ಗೆ ಬರುವುದು ಕೆಟ್ಟ ಸಾಮಾನು ಮಾತ್ರ. ಚೆನ್ನಾಗಿ ಓಡುತ್ತಿರುವ ಮೆಷಿನ್‌ಗಳು ನನ್ನ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದಿ.

ನೀವು ನೋಡಿದ್ದು ಸರಿಯಾಗಿಯೇ ಇದೆ. ಬೋರ್ಡ್ ಒಂದೇ ಥರ ಕಂಡರೆ ಬಹಳ ಸಲ ಅದು ಒಂದೇ ಡಿಸೈನ್. ಎಸ್‌ಎಸ್‌ಡಿಯಲ್ಲಿ ಮುಖ್ಯವಾಗಿ ಎರಡು ಭಾಗ. ಡೇಟಾ ಇಟ್ಟುಕೊಳ್ಳುವ ನ್ಯಾಂಡ್ ಚಿಪ್, ಅದನ್ನು ನಡೆಸುವ ಕಂಟ್ರೋಲರ್. ನ್ಯಾಂಡ್ ಮಾಡುವವರು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಜನ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಕಿಯೋಕ್ಸಿಯಾ, ಸ್ಯಾನ್‌ಡಿಸ್ಕ್, ಚೀನಾದ ವೈಎಂಟಿಸಿ. ಹೆಚ್ಚುಕಡಿಮೆ ಅಷ್ಟೇ. ಕಂಟ್ರೋಲರ್ ಮಾರುವವರಲ್ಲಿ ಫೈಸನ್, ಸಿಲಿಕಾನ್ ಮೋಷನ್, ಮ್ಯಾಕ್ಸಿಯೊ ಇದ್ದಾರೆ. ಫೈಸನ್ ಥರದವರು ಬರೀ ಚಿಪ್ ಕೊಟ್ಟು ಸುಮ್ಮನಾಗುವುದಿಲ್ಲ. ಬೋರ್ಡಿನ ಡಿಸೈನ್, ಅದರೊಳಗೆ ಓಡುವ ಫರ್ಮ್‌ವೇರ್ ಅನ್ನುವ ಸಾಫ್ಟ್‌ವೇರ್, ಕೇಳಿದರೆ ಪೂರ್ತಿ ಡ್ರೈವನ್ನೇ ಮಾಡಿ ಕೊಡುತ್ತಾರೆ. ಸಣ್ಣ ಬ್ರಾಂಡ್ ಅದಕ್ಕೆ ತನ್ನ ಸ್ಟಿಕರ್ ಅಂಟಿಸಿ, ಡಬ್ಬಿಗೆ ಹಾಕಿ ಮಾರುತ್ತದೆ. ರ‍್ಯಾಮ್‌ನದೂ ಇದೇ ಕತೆ. ಅಲ್ಲಿ ಚಿಪ್ಪಿನ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂವರದ್ದೇ.

ಅಂದರೆ ಸಣ್ಣವರು ಬದುಕುವುದಕ್ಕೆ ಮೊದಲ ಕಾರಣ, ಎಲ್ಲವನ್ನೂ ತಾವೇ ಮಾಡಬೇಕಾಗಿಲ್ಲ. ಚಿಪ್ ಕಾರ್ಖಾನೆ ಕಟ್ಟಬೇಕಾಗಿಲ್ಲ. ದೊಡ್ಡ ಹೆಸರಿನವರೂ ಎಲ್ಲವನ್ನೂ ತಾವೇ ಮಾಡುವುದಿಲ್ಲ. ಕೋರ್ಸೇರ್ ಹೆಸರಿನಲ್ಲಿ ಬರುವ ಎಷ್ಟೋ ಪವರ್ ಸಪ್ಲೈಗಳನ್ನು ಮಾಡಿದ್ದು ಸಿಡಬ್ಲ್ಯೂಟಿ ಮತ್ತು ಸೀಸಾನಿಕ್. ಇವಿಜಿಎಗೆ ಹೆಸರು ತಂದ ಕೆಲವು ಪವರ್ ಸಪ್ಲೈಗಳ ಒಳಗಿದ್ದದ್ದು ಸೂಪರ್ ಫ್ಲವರ್ ಕೆಲಸ. ಸೀಸಾನಿಕ್ 1975ರಿಂದ ಇರುವ ತೈವಾನ್ ಕಂಪನಿ. ತನ್ನ ಹೆಸರಿನಲ್ಲೂ ಮಾರುತ್ತದೆ, ಬೇರೆಯವರಿಗೂ ಮಾಡಿಕೊಡುತ್ತದೆ.

ಹಾಗಾದರೆ ಬ್ರಾಂಡಿನ ಕೆಲಸ ಏನು? ಇದನ್ನು ನಾನು ಒಂದು ವಾರದಲ್ಲಿ ಕಲಿತೆ.

ಕೆಲವು ವರ್ಷದ ಹಿಂದೆ ಒಂದೇ ವಾರದಲ್ಲಿ ಎರಡು ಪವರ್ ಸಪ್ಲೈ ಬಂದವು. ಎರಡೂ ಬೇರೆ ಬ್ರಾಂಡ್, ಎರಡರ ಹೆಸರೂ ಹೆಚ್ಚು ಜನಕ್ಕೆ ಗೊತ್ತಿಲ್ಲ. ಮುಚ್ಚಳ ತೆಗೆದಾಗ ಒಳಗಿನ ಬೋರ್ಡ್ ಪಡಿಯಚ್ಚು. ಟ್ರಾನ್ಸ್‌ಫಾರ್ಮರ್ ಮೇಲಿನ ಅಕ್ಷರಗಳೂ ಒಂದೇ. ಒಂದರಲ್ಲಿ ಕೆಟ್ಟಿದ್ದು ಫ್ಯಾನ್ ಮಾತ್ರ, ಆರು ವರ್ಷ ಓಡಿದ ಮೇಲೆ. ಇನ್ನೊಂದು ಎರಡು ವರ್ಷಕ್ಕೇ ನಿಂತಿತ್ತು. ಔಟ್‌ಪುಟ್ ಕಡೆಯ ನಾಲ್ಕು ಕೆಪಾಸಿಟರ್‌ಗಳ, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟು ಸಮ ಮಾಡುವ ಸಣ್ಣ ಡಬ್ಬಿಗಳ, ತಲೆ ಪೂರಿಯ ಹಾಗೆ ಉಬ್ಬಿತ್ತು. ಒಂದರ ಬುಡದಲ್ಲಿ ಕಂದು ಬಣ್ಣದ ಅಂಟು ಸೋರಿ ಒಣಗಿತ್ತು. ಓದಿ ನೋಡಿದರೆ ಅವು 85 ಡಿಗ್ರಿ ಬಿಸಿಯವರೆಗೆ ಅಂತ ಮಾಡಿದವು. ಆರು ವರ್ಷ ಓಡಿದ್ದರಲ್ಲಿ ಅದೇ ಜಾಗದಲ್ಲಿ 105 ಡಿಗ್ರಿಯವು. ಬಿಸಿ 10 ಡಿಗ್ರಿ ಕಮ್ಮಿಯಾದರೆ ಇಂಥ ಕೆಪಾಸಿಟರ್‌ನ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ ಅನ್ನುವುದು ಈ ಕೆಲಸದವರ ಹಳೆಯ ಲೆಕ್ಕ. ಹಾಗೆ ನೋಡಿದರೆ 85ಕ್ಕೂ 105ಕ್ಕೂ ಎಷ್ಟು ಅಂತರ ನೋಡಿ.

ಕಾರ್ಖಾನೆ ಒಂದೇ, ಡಿಸೈನ್ ಒಂದೇ. ಆ ನಾಲ್ಕು ಕೆಪಾಸಿಟರ್ ಯಾವುದು ಹಾಕಲಿ ಅಂತ ಕಾರ್ಖಾನೆ ಕೇಳಿದಾಗ ಒಬ್ಬರು ಒಂದು ಹೇಳಿದರು, ಇನ್ನೊಬ್ಬರು ಇನ್ನೊಂದು ಹೇಳಿದರು. ಬ್ರಾಂಡ್ ಅಂದರೆ ಆ ಮಾತು ಹೇಳುವವರು. ಆಮೇಲೆ ಕೆಟ್ಟರೆ ಫೋನ್ ಎತ್ತುವವರೂ ಅವರೇ. ಒಂದು ಸಣ್ಣ ಕಂಪನಿ ಹತ್ತು ಇಪ್ಪತ್ತು ವರ್ಷ ನಿಂತಿದೆ ಅಂದರೆ, ಇವೆರಡರಲ್ಲಿ ಒಂದನ್ನಾದರೂ ಅದು ಮನಸ್ಸಿಟ್ಟು ಮಾಡಿರುತ್ತದೆ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಇದನ್ನು ಓದಿ ಯಾರೂ ಪವರ್ ಸಪ್ಲೈ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಪ್ರಾಣಕ್ಕೆ ಅಪಾಯ ಆಗುವಷ್ಟು ವೋಲ್ಟೇಜ್ ಉಳಿದಿರಬಹುದು.

ಎರಡನೆಯ ದಾರಿ, ಒಂದೇ ಕೆಲಸ ಹಿಡಿದು ಕೂರುವುದು. ಆಸ್ಟ್ರಿಯಾದ ನಾಕ್ಟುವಾ 2005ರಲ್ಲಿ ಶುರುವಾಯಿತು. ಗಾಳಿ ಬೀಸಿ ಪ್ರೊಸೆಸರ್ ತಣ್ಣಗಿಡುವ ಕೂಲರ್ ಮತ್ತು ಫ್ಯಾನ್, ಮುಖ್ಯವಾಗಿ ಅಷ್ಟೇ. ಅದರ ಕಂದು ಮತ್ತು ಕೆನೆ ಬಣ್ಣದ ಫ್ಯಾನ್ ನೋಡಿ ಮೂಗು ಮುರಿದವರು ಬಹಳ. ಈಗ ಆ ಬಣ್ಣ ಕಂಡರೆ ಸಾಕು, ಹೆಸರು ಓದಬೇಕಾಗಿಲ್ಲ. ಆದರೆ ನನಗೆ ಅವರ ಮೇಲೆ ಗೌರವ ಬಂದದ್ದು ಬಣ್ಣದಿಂದಲ್ಲ. 2021ರಲ್ಲಿ ಇಂಟೆಲ್ ಎಲ್‌ಜಿಎ 1700 ಅನ್ನುವ ಹೊಸ ಸಾಕೆಟ್, ಅಂದರೆ ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ, ತಂದಿತು. ಕೂಲರ್ ಕೂರಿಸುವ ತೂತುಗಳ ನಡುವಿನ ಅಂತರ 75 ಮಿಲಿಮೀಟರ್ ಇದ್ದದ್ದು 78 ಆಯಿತು. ಮೂರೇ ಮಿಲಿಮೀಟರ್. ಅಷ್ಟಕ್ಕೇ ಹಳೆಯ ಕೂಲರ್‌ಗಳು ಕೂರುತ್ತಿರಲಿಲ್ಲ. ಕೂಲರ್ ಮಾತ್ರ ಗಟ್ಟಿಮುಟ್ಟಾಗಿಯೇ ಇದೆ, ಅದು ಬರೀ ಲೋಹ. ನಾಕ್ಟುವಾ ತನ್ನ ಹಳೆಯ ಗ್ರಾಹಕರಿಗೆ ಬಿಲ್ ತೋರಿಸಿದರೆ ಹೊಸ ಕ್ಲಾಂಪ್ ಮತ್ತು ಸ್ಕ್ರೂ ಪುಕ್ಕಟೆ ಕಳಿಸಿತು. 2017ರಲ್ಲಿ ಎಎಂಡಿಯ ಎಎಂ4 ಸಾಕೆಟ್ ಬಂದಾಗಲೂ ಹೀಗೇ ಮಾಡಿತ್ತು. ನನ್ನ ಸ್ವಂತ ಮೆಷಿನ್‌ನ ಕೂಲರ್ ಮೂರು ಮದರ್‌ಬೋರ್ಡ್ ನೋಡಿದೆ. ಹೊಸದೊಂದು ಮಾರುವ ಅವಕಾಶ ಬಿಟ್ಟುಕೊಟ್ಟು ಒಂದು ಹಿಡಿ ಸ್ಕ್ರೂ ಕಳಿಸಿದ ಕಂಪನಿಯನ್ನು ನಾನು ಹತ್ತು ಜನಕ್ಕೆ ಹೇಳಿದ್ದೇನೆ. ಜಾಹೀರಾತಿಗೆ ದುಡ್ಡಿಲ್ಲದವರಿಗೆ ಇದೇ ಜಾಹೀರಾತು.

ಮೂರನೆಯದು, ದೊಡ್ಡವರು ಸಾಕು ಅಂತ ಬಿಟ್ಟುಹೋದ ಜಾಗ ಹಿಡಿಯುವುದು. ಅಮೆರಿಕದ ಕೆಂಟಕಿಯಲ್ಲಿ ಯೂನಿಕಾಂಪ್ ಅಂತ ಒಂದು ಕಂಪನಿ ಇದೆ. 1985ರ ಐಬಿಎಂ ಮಾಡೆಲ್ ಎಂ ಕೀಬೋರ್ಡ್ ನೆನಪಿದೆಯಾ? ಒಳಗೆ ಸ್ಪ್ರಿಂಗ್ ಬಾಗಿ ಟಕ್ ಅನ್ನುವ ಕೀಬೋರ್ಡ್. ಐಬಿಎಂನಿಂದ ಲೆಕ್ಸ್‌ಮಾರ್ಕ್ ಬೇರೆಯಾಯಿತು, 1996ರ ಹೊತ್ತಿಗೆ ಲೆಕ್ಸ್‌ಮಾರ್ಕ್‌ಗೂ ಕೀಬೋರ್ಡ್ ಸಾಕಾಯಿತು. ಆಗ ಆ ಯಂತ್ರ, ಅಚ್ಚುಗಳನ್ನು ತೆಗೆದುಕೊಂಡು ಶುರುವಾದದ್ದೇ ಯೂನಿಕಾಂಪ್. ಈಗಲೂ ಅದೇ ಟಕ್ ಶಬ್ದದ ಕೀಬೋರ್ಡ್ ಮಾಡುತ್ತಾರೆ. ದೊಡ್ಡ ಕಂಪನಿಗೆ ಅಷ್ಟು ಕಮ್ಮಿ ಗಿರಾಕಿಗಳಿಂದ ಹೊಟ್ಟೆ ತುಂಬುವುದಿಲ್ಲ. ಸಣ್ಣ ಕಂಪನಿಗೆ ಧಾರಾಳವಾಗಿ ತುಂಬುತ್ತದೆ.

ಬದುಕದೇ ಹೋದವರ ಬಗ್ಗೆಯೂ ಹೇಳಬೇಕು, ಯಾಕಂದರೆ ನಿಮ್ಮ ವಾರಂಟಿ ಪ್ರಶ್ನೆಗೆ ಉತ್ತರ ಅಲ್ಲಿದೆ. ಬಿಎಫ್‌ಜಿ ಅಂತ ಗ್ರಾಫಿಕ್ಸ್ ಕಾರ್ಡ್ ಕಂಪನಿ ಇತ್ತು. ಜೀವಮಾನ ವಾರಂಟಿ ಕೊಡುತ್ತಿತ್ತು. 2010ರಲ್ಲಿ ಗ್ರಾಫಿಕ್ಸ್ ಕಾರ್ಡ್ ನಿಲ್ಲಿಸಿತು, ಅದೇ ವರ್ಷ ಅಂಗಡಿಯನ್ನೇ ಮುಚ್ಚಿತು. ಜೀವಮಾನ ಅಂದದ್ದು ಕಂಪನಿಯ ಜೀವಮಾನ ಅಂತ ಜನಕ್ಕೆ ಆಗ ಗೊತ್ತಾಯಿತು. ನನ್ನ ಹತ್ತಿರ ಅಂಥ ಕಾರ್ಡ್ ಹಿಡಿದು ಬಂದ ಒಬ್ಬ ಹುಡುಗನ ಮುಖ ಇನ್ನೂ ನೆನಪಿದೆ. ವಾರಂಟಿ ಕಾಗದವನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟುಕೊಂಡಿದ್ದ.

ಇವಿಜಿಎ ಕತೆ ಬೇರೆ. ಗ್ರಾಹಕರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂತ ಒಳ್ಳೆಯ ಹೆಸರಿತ್ತು. ಆದಾಯದ ಬಹುಪಾಲು ಎನ್‌ವಿಡಿಯಾ ಚಿಪ್ ಹಾಕಿದ ಕಾರ್ಡ್‌ಗಳಿಂದಲೇ ಬರುತ್ತಿತ್ತು. 2022ರ ಸೆಪ್ಟೆಂಬರ್‌ನಲ್ಲಿ, ಇನ್ನು ಗ್ರಾಫಿಕ್ಸ್ ಕಾರ್ಡ್ ಮಾಡುವುದಿಲ್ಲ ಅಂತ ಹೇಳಿಬಿಟ್ಟಿತು. ಚಿಪ್ ಮಾಡುವವರೇ ದರ ನಿರ್ಧರಿಸಿ, ತಾವೇ ಕಾರ್ಡ್ ಕೂಡ ಮಾರಿದರೆ ಮಧ್ಯದವರಿಗೆ ಉಳಿಯುವುದು ಎಷ್ಟು? ಒಬ್ಬರೇ ಒಬ್ಬರ ಮೇಲೆ ನಿಂತ ಮನೆ ಇದು. ಸಣ್ಣ ಬ್ರಾಂಡ್‌ಗಳಿಗೆ ಇರುವ ದೊಡ್ಡ ಅಪಾಯ ಪಕ್ಕದ ಬ್ರಾಂಡ್ ಅಲ್ಲ, ತನಗೆ ಚಿಪ್ ಕೊಡುವವನು ಅಂತ ನನಗೆ ಅನಿಸುತ್ತದೆ.

ಉತ್ತರ 2 — ಅಚ್ಚಿನ ಕೆಲಸ

ರಿಪೇರಿ ಟೇಬಲ್ ಅವರು ಹೊರಗಿನಿಂದ ಕಂಡದ್ದನ್ನು ನಾನು ಒಳಗಿನಿಂದ ಹೇಳುತ್ತೇನೆ. ಆರು ವರ್ಷ ಒಂದು ಸಣ್ಣ ಕೀಬೋರ್ಡ್ ಕಂಪನಿಯಲ್ಲಿ ಕೆಲಸ ಮಾಡಿದ್ದೇನೆ. ಐದು ಜನ ಇದ್ದೆವು. ಖರೀದಿ, ಅಚ್ಚು, ರಿಟರ್ನ್ ಎಲ್ಲ ನನ್ನ ತಲೆ ಮೇಲೆ.

ನಮ್ಮಂಥ ಕಂಪನಿ ಹುಟ್ಟಲು ಸಾಧ್ಯವಾದದ್ದೇ ಪ್ರತಿ ಕೀ ಕೆಳಗೆ ಕೂರುವ ಚೆರಿ ಎಂಎಕ್ಸ್ ಸ್ವಿಚ್‌ನ ಪೇಟೆಂಟ್ ಮುಗಿದದ್ದರಿಂದ. 2014ರ ಆಸುಪಾಸಿನಲ್ಲಿ ಅದು ಮುಗಿಯಿತು. ಆಮೇಲೆ ಗೇಟೆರಾನ್, ಕೈಲ್, ಔಟೆಮು ಅಂತ ಅದೇ ಅಳತೆಯ ಸ್ವಿಚ್ ಮಾಡುವವರು ಬೆಳೆದರು. ಕಾಲು ಒಂದೇ ಥರ, ಕೀಕ್ಯಾಪ್ ಕೂರುವ ಕಡ್ಡಿ ಒಂದೇ ಥರ. ಒಬ್ಬರು ಕೊಡದಿದ್ದರೆ ಇನ್ನೊಬ್ಬರ ಹತ್ತಿರ ಹೋಗಬಹುದು. ಸಣ್ಣವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಫರ್ಮ್‌ವೇರ್‌ಗೆ ಕ್ಯುಎಂಕೆ ಇತ್ತು, ಎಲ್ಲರೂ ಸೇರಿ ಬರೆದ ಓಪನ್ ಸೋರ್ಸ್ ಕೆಲಸ. ಒಬ್ಬ ಪ್ರೋಗ್ರಾಮರ್‌ಗೆ ಪೂರ್ತಿ ವರ್ಷದ ಸಂಬಳ ಕೊಡುವ ಶಕ್ತಿ ನಮಗೆ ಇರಲಿಲ್ಲ.

ಕಷ್ಟ ಇದ್ದದ್ದು ಅಚ್ಚಿನಲ್ಲಿ. ಪ್ಲಾಸ್ಟಿಕ್ ಭಾಗಕ್ಕೆ ಉಕ್ಕಿನ ಅಚ್ಚು ಕಡೆಸಬೇಕು. ಹತ್ತು ಕೀಬೋರ್ಡ್ ಮಾಡಿದರೂ ಹತ್ತು ಸಾವಿರ ಮಾಡಿದರೂ ಅಚ್ಚಿನ ಖರ್ಚು ಅಷ್ಟೇ. ಹತ್ತು ಸಾವಿರ ಮಾರುವವರಿಗೆ ಅದು ಗೊತ್ತೇ ಆಗುವುದಿಲ್ಲ. ಐನೂರು ಮಾರುವ ನಮಗೆ ಒಂದೊಂದು ಪೀಸ್ ಮೇಲೂ ಅದರ ಭಾರ ಕೂರುತ್ತದೆ. ಜೊತೆಗೆ ಪ್ರತಿ ಕಾರ್ಖಾನೆಗೂ ಎಂಒಕ್ಯೂ ಇರುತ್ತದೆ, ಕನಿಷ್ಠ ಇಷ್ಟು ತೆಗೆದುಕೊಂಡರೆ ಮಾತ್ರ ಯಂತ್ರ ಹಚ್ಚುತ್ತೇವೆ ಅನ್ನುವ ಲೆಕ್ಕ.

ಮೊದಲ ಅಚ್ಚಿನಿಂದ ಹೊರಬಂದ ಭಾಗಗಳಿಗೆ ಟಿ1 ಸ್ಯಾಂಪಲ್ ಅನ್ನುತ್ತಾರೆ. ನಮ್ಮ ಟಿ1 ಡಬ್ಬಿ ಬಂದ ದಿನ ನಾವು ಐದೂ ಜನ ಒಂದೇ ಮೇಜಿನ ಸುತ್ತ ನಿಂತಿದ್ದೆವು. ಸ್ಪೇಸ್‌ಬಾರ್ ತೆಗೆದು ಗಾಜಿನ ಮೇಲೆ ಇಟ್ಟೆ. ಬೆರಳಿನಿಂದ ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಎದ್ದಿತು. ಪ್ಲಾಸ್ಟಿಕ್ ತಣಿಯುವಾಗ ಮಧ್ಯದಲ್ಲಿ ಸ್ವಲ್ಪ ಬಾಗಿತ್ತು. ಕಣ್ಣಿಗೆ ಕಾಣುವುದಿಲ್ಲ, ಆದರೆ ಟೈಪ್ ಮಾಡುವಾಗ ಒಂದು ಕಡೆ ಕಟಕಟ ಅನ್ನುತ್ತದೆ. ಕಾರ್ಖಾನೆಯವರು ಇದು ನಡೆಯುತ್ತದೆ, ಎಲ್ಲರೂ ಹೀಗೇ ತೆಗೆದುಕೊಳ್ಳುತ್ತಾರೆ ಅಂದರು. ನಮ್ಮ ಮಾಲೀಕರು ಒಪ್ಪಲಿಲ್ಲ. ಅಚ್ಚು ತಿದ್ದಿಸಲು ಐದು ವಾರ ಹೋಯಿತು. ಮೊದಲೇ ದುಡ್ಡು ಕೊಟ್ಟಿದ್ದ ಗ್ರಾಹಕರಿಗೆ ಒಬ್ಬೊಬ್ಬರಿಗೂ ನಾನೇ ಪತ್ರ ಬರೆದೆ. ಬಾಗಿದ ಸ್ಪೇಸ್‌ಬಾರ್‌ನ ಫೋಟೊ ಹಾಕಿ, ಇದಕ್ಕೆ ತಡ ಆಗುತ್ತಿದೆ ಅಂತ ಹೇಳಿದೆ. ಆರ್ಡರ್ ವಾಪಸ್ ಪಡೆದವರು ಮೂರೇ ಜನ. ಆ ಬ್ಯಾಚ್ ತೆಗೆದುಕೊಂಡವರಲ್ಲಿ ಬಹಳ ಜನ ಆಮೇಲೆ ಎರಡನೆಯ ಕೀಬೋರ್ಡ್ ಕೂಡ ನಮ್ಮ ಹತ್ತಿರವೇ ತೆಗೆದುಕೊಂಡರು.

ಮೊದಲೇ ದುಡ್ಡು ಅಂದೆನಲ್ಲ, ಅದಕ್ಕೆ ಕೀಬೋರ್ಡ್ ಜಗತ್ತಿನಲ್ಲಿ ಗ್ರೂಪ್ ಬೈ ಅನ್ನುತ್ತಾರೆ. ಬೇಕಾದವರು ಮೊದಲು ಹಣ ಕಟ್ಟುತ್ತಾರೆ, ಸಂಖ್ಯೆ ಎಂಒಕ್ಯೂ ದಾಟಿದರೆ ಮಾಲು ಮಾಡಿಸುತ್ತಾರೆ. ಸಾಲ ಇಲ್ಲದೆ, ಗೋದಾಮಿನಲ್ಲಿ ಕೊಳೆಯುವ ಮಾಲಿಲ್ಲದೆ ಸಣ್ಣವರು ನಿಲ್ಲುವುದು ಹೀಗೆ. ಹಣ ಕಟ್ಟಿಸಿಕೊಂಡು ಕೈ ಎತ್ತಿದವರೂ ಇದ್ದಾರೆ. ಹಾಗಾಗಿ ಹಿಂದಿನ ಬ್ಯಾಚ್ ಕೈಗೆ ಮುಟ್ಟಿದೆಯಾ ಅಂತ ಕೇಳದೆ ಯಾರಿಗೂ ಮುಂಗಡ ಕೊಡಬೇಡಿ.

ರಿಟರ್ನ್ ಲೆಕ್ಕ ಹೇಳಿ ಮುಗಿಸುತ್ತೇನೆ. ನೂರಕ್ಕೆ ಐದು ಲಾಭ ಇಟ್ಟುಕೊಂಡು ಮಾರಿದೆವು ಅಂದುಕೊಳ್ಳಿ. ಒಂದು ಪೀಸ್ ಕೆಟ್ಟು ಬದಲಿ ಕೊಟ್ಟರೆ ಸುಮಾರು ಇಪ್ಪತ್ತು ಪೀಸ್‌ನ ಲಾಭ ಹೋಯಿತು. ಅದಕ್ಕೇ ಕಳಿಸುವ ಮೊದಲು ಪ್ರತಿ ಕೀಬೋರ್ಡ್‌ನ ಪ್ರತಿ ಕೀಯನ್ನೂ ಒತ್ತಿ ನೋಡುತ್ತಿದ್ದೆವು. ಸಂಜೆ ಹೊತ್ತಿಗೆ ಬೆರಳ ತುದಿ ಜೋಮು ಹಿಡಿಯುತ್ತಿತ್ತು. ದೊಡ್ಡ ಕಂಪನಿ ಅದನ್ನು ಯಂತ್ರಕ್ಕೆ ಬಿಡುತ್ತದೆ, ನಮ್ಮ ಹತ್ತಿರ ಯಂತ್ರ ಇರಲಿಲ್ಲ.

ಉತ್ತರ 3 — ಸರ್ವರ್ ರೂಮ್

ಚಿಕ್ಕದಾಗಿ ಒಂದು ಸೇರಿಸುತ್ತೇನೆ. ಮಾಟ್ರಾಕ್ಸ್ ಹೆಸರು ಈಗಿನ ಹುಡುಗರಿಗೆ ಗೊತ್ತಿಲ್ಲ. ಕೆನಡಾದ ಕಂಪನಿ, 1976ರಿಂದ ಇದೆ. 90ರ ದಶಕದಲ್ಲಿ ಅದರ ಗ್ರಾಫಿಕ್ಸ್ ಕಾರ್ಡ್ ಅಂದರೆ ಜನ ಆಸೆಪಡುತ್ತಿದ್ದರು. ಅದರ ಜಿ400 ಕಾರ್ಡ್ 1999ರಲ್ಲೇ ಒಂದು ಕಾರ್ಡಿನಿಂದ ಎರಡು ಮಾನಿಟರ್ ನಡೆಸುತ್ತಿತ್ತು. ಆಟದ ಮಾರುಕಟ್ಟೆಯಲ್ಲಿ ಎನ್‌ವಿಡಿಯಾ, ಎಟಿಐ ಮುಂದೆ ನಿಲ್ಲಲು 2002ರಲ್ಲಿ ಪಾರ್ಹೀಲಿಯಾ ತಂದರು, ಆಗಲಿಲ್ಲ. ಆಮೇಲೆ ಆ ಓಟವನ್ನೇ ಬಿಟ್ಟರು. ಒಂದೇ ಕಂಪ್ಯೂಟರ್‌ನಿಂದ ಹತ್ತಾರು ಪರದೆ ನಡೆಸುವ ಕಂಟ್ರೋಲ್ ರೂಮ್‌ಗಳು, ವಿಡಿಯೊ ಗೋಡೆಗಳು, ಆಸ್ಪತ್ರೆಯ ಪರದೆಗಳು, ಇಂಥ ಕಡೆ ಹೋದರು. 2014ರಲ್ಲಿ ಸ್ವಂತ ಚಿಪ್ ಪಕ್ಕಕ್ಕಿಟ್ಟು ಎಎಂಡಿ ಚಿಪ್ ಬಳಸುತ್ತೇವೆ ಅಂದರು. ಚಿಪ್‌ಗಿಂತ ತಮ್ಮ ಸಾಫ್ಟ್‌ವೇರ್ ಮತ್ತು ಗ್ರಾಹಕರೇ ಮುಖ್ಯ ಅಂತ ಅವರಿಗೆ ಗೊತ್ತಿತ್ತು.

ನಾನು ರಾತ್ರಿ ಪಾಳಿಯಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ಎಷ್ಟೋ ಸರ್ವರ್‌ಗಳಲ್ಲಿ ಲಿನಕ್ಸ್ ಹಾಕಿ ಪಿಸಿಐ ಪಟ್ಟಿ, ಅಂದರೆ ಒಳಗೆ ಜೋಡಿಸಿದ ಭಾಗಗಳ ಪಟ್ಟಿ, ತೆಗೆದರೆ ವಿಡಿಯೊ ಸಾಲಿನಲ್ಲಿ ಮಾಟ್ರಾಕ್ಸ್ ಜಿ200 ಅಂತ ಬರುತ್ತದೆ. 1998ರ ಡಿಸೈನ್. ಸರ್ವರ್‌ಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ತೋರಿಸಿದರೆ ಸಾಕಲ್ವಾ, ಅದಕ್ಕೆ ಆ ಹಳೆಯ ಡಿಸೈನನ್ನು ಸಣ್ಣ ಮ್ಯಾನೇಜ್‌ಮೆಂಟ್ ಚಿಪ್ ಒಳಗೆ ಸೇರಿಸಿಬಿಟ್ಟಿದ್ದಾರೆ. ಆ ಸಾಲು ಕಂಡಾಗಲೆಲ್ಲ ನನಗೆ ಖುಷಿಯಾಗುತ್ತದೆ.

ತೈವಾನಿನ ಡಿಎಫ್‌ಐ ಕೂಡ ಹೀಗೇ. ಲ್ಯಾನ್‌ಪಾರ್ಟಿ ಮದರ್‌ಬೋರ್ಡ್‌ಗಳಿಂದ ಹೆಸರಾಗಿತ್ತು, ಈಗ ಕಾರ್ಖಾನೆ ಯಂತ್ರಗಳ ಒಳಗೆ ಕೂರುವ ಬೋರ್ಡ್ ಮಾಡುತ್ತದೆ. ಅದೇ ಕಾಲದ ಅಬಿಟ್ 2008ರ ಕೊನೆಗೆ ಮುಗಿದೇ ಹೋಯಿತು. ಎರಡು ಸೆಲೆರಾನ್ ಪ್ರೊಸೆಸರ್ ಒಟ್ಟಿಗೆ ಓಡಿಸುವ ಅದರ ಬಿಪಿ6 ಬೋರ್ಡ್, 1999ರದ್ದು, ನಮ್ಮ ಮನೆಯಲ್ಲಿ ಇನ್ನೂ ಇದೆ.

ಮತ್ತೆ ಪ್ರಶ್ನೆ — ಮೊದಲ ಬಿಲ್ಡ್

ಇಷ್ಟೊಂದು ಬರೆದದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ಸ್ಪೇಸ್‌ಬಾರ್ ಕತೆಯನ್ನು ತಂಗಿಗೂ ಓದಿ ಹೇಳಿದೆ.

ಆದರೂ ಒಂದು ಉಳಿಯಿತು. ನನ್ನ ಮುಂದೆ ಎರಡು ಗೊತ್ತಿಲ್ಲದ ಹೆಸರು ಇದ್ದರೆ, ಯಾರು 105 ಡಿಗ್ರಿ ಕೆಪಾಸಿಟರ್ ಹೇಳಿದವರು, ಯಾರು 85 ಹೇಳಿದವರು ಅಂತ ನನ್ನಂಥವನಿಗೆ ಹೇಗೆ ಗೊತ್ತಾಗಬೇಕು? ಬಿಚ್ಚಬಾರದು ಅಂತ ನೀವೇ ಹೇಳಿದಿರಿ. 80 ಪ್ಲಸ್ ಗೋಲ್ಡ್ ಅಂತ ಬರೆದಿದ್ದರೆ ಸಾಕಾ?

ಉತ್ತರ 4 — ರಿಪೇರಿ ಟೇಬಲ್

ಸಾಲದು. 80 ಪ್ಲಸ್ ಹೇಳುವುದು ಗೋಡೆಯಿಂದ ತೆಗೆದುಕೊಂಡ ಕರೆಂಟಿನಲ್ಲಿ ಎಷ್ಟು ಪಾಲು ಕಂಪ್ಯೂಟರ್‌ಗೆ ಮುಟ್ಟುತ್ತದೆ ಅನ್ನುವುದನ್ನು. ಔಟ್‌ಪುಟ್ ಎಷ್ಟು ನಡುಗುತ್ತದೆ, ಶಾರ್ಟ್ ಆದಾಗ ತಾನಾಗಿ ನಿಲ್ಲುತ್ತದೆಯಾ, ಅದು ಹೇಳುವುದಿಲ್ಲ. ಪಿಸಿ ಪವರ್ ಸಪ್ಲೈಗಳ ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟ್ ಸಾಲಿನ ನಡುಕ 120 ಮಿಲಿವೋಲ್ಟ್ ದಾಟಬಾರದು, 5 ವೋಲ್ಟ್ ಸಾಲಿನದು 50 ದಾಟಬಾರದು. ಇದನ್ನು ಸಲಕರಣೆ ಇಟ್ಟು ಅಳೆದು ಬರೆಯುವವರು ಇದ್ದಾರೆ. ನೀವು ತೆಗೆದುಕೊಳ್ಳುವ ಅದೇ ಮಾಡೆಲ್, ಅದೇ ವಾಟ್‌ನದನ್ನು ಅಳೆದವರ ಬರಹ ಹುಡುಕಿ ಓದಿ. ಒಂದೇ ಬ್ರಾಂಡಿನ 550 ಮತ್ತು 750 ವಾಟ್‌ನದು ಬೇರೆ ಬೇರೆ ಕಾರ್ಖಾನೆಯದ್ದಾಗಿರಬಹುದು, ಇದನ್ನು ಮರೆಯಬೇಡಿ.

ಬಿಚ್ಚದೆ ನೋಡಬಹುದಾದ್ದು ಒಂದಿದೆ. ಪವರ್ ಸಪ್ಲೈ ಲೇಬಲ್ ಮೇಲೆ ಯುಎಲ್ (ಸುರಕ್ಷತೆ ಪರೀಕ್ಷಿಸುವ ಸಂಸ್ಥೆ) ಗುರುತು ಇದ್ದರೆ ಅದರ ಹತ್ತಿರ ಇ ಅಕ್ಷರದಿಂದ ಶುರುವಾಗುವ ಒಂದು ನಂಬರ್ ಇರುತ್ತದೆ. ಆ ನಂಬರ್ ಯಾರ ಹೆಸರಿನಲ್ಲಿದೆ ಅಂತ ನೋಡಿದರೆ ಬಹಳ ಸಲ ನಿಜವಾಗಿ ಮಾಡಿದವರು ಯಾರು ಅಂತ ತಿಳಿಯುತ್ತದೆ. ಕೆಲವು ಬ್ರಾಂಡ್‌ಗಳು ಸ್ವಂತ ನಂಬರ್ ತೆಗೆದುಕೊಂಡಿರುತ್ತವೆ, ಆಗ ತಿಳಿಯುವುದಿಲ್ಲ.

ಎಸ್‌ಎಸ್‌ಡಿ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. ಮಾಡೆಲ್ ಹೆಸರು ಅದೇ ಇಟ್ಟು ಒಳಗಿನ ಚಿಪ್ ಬದಲಾಯಿಸುವುದು ಈ ಧಂದೆಯ ಕೆಟ್ಟ ಚಾಳಿ. ಮೊದಲ ಬ್ಯಾಚ್ ವೇಗವಾಗಿರುತ್ತದೆ, ಅದನ್ನೇ ಎಲ್ಲರೂ ಪರೀಕ್ಷೆ ಮಾಡಿ ಹೊಗಳುತ್ತಾರೆ. ಆರು ತಿಂಗಳ ಮೇಲೆ ಅದೇ ಡಬ್ಬಿಯಲ್ಲಿ ನಿಧಾನದ್ದು ಬರುತ್ತದೆ. ಸಣ್ಣವರು ಮಾತ್ರ ಅಂದುಕೊಳ್ಳಬೇಡಿ, 2021ರಲ್ಲಿ ದೊಡ್ಡ ದೊಡ್ಡ ಹೆಸರಿನವರೂ ಹೀಗೆ ಮಾಡಿ ಸಿಕ್ಕಿಬಿದ್ದರು. ಇದನ್ನು ನಾನು ಯಾವತ್ತೂ ಸಹಿಸುವುದಿಲ್ಲ. ಸಣ್ಣ ಬ್ರಾಂಡಿಗೆ ಚಿಪ್ ಯಾವತ್ತೂ ಒಂದೇ ಕಡೆಯಿಂದ ಸಿಗುವುದಿಲ್ಲ, ಅದು ನನಗೆ ಅರ್ಥವಾಗುತ್ತದೆ. ಹಾಗಾದರೆ ಮಾಡೆಲ್ ಹೆಸರಿಗೆ ಒಂದು ಅಕ್ಷರ ಸೇರಿಸಿ ಹೇಳಿಬಿಡಲಿ. ಜನ ಕೇಳಿಸಿಕೊಳ್ಳುತ್ತಾರೆ.

ಚಿಪ್ ಸಿಗುವುದೇ ಕಷ್ಟ ಆಗುತ್ತಿದೆ ಅನ್ನುವುದೂ ನಿಜ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನದೇ ಕ್ರೂಷಿಯಲ್ ಬ್ರಾಂಡಿನ ಗ್ರಾಹಕ ಮಾರಾಟವನ್ನು ನಿಲ್ಲಿಸುತ್ತೇನೆ ಅಂದಿತು. ಎಐ ಡೇಟಾ ಸೆಂಟರ್‌ಗಳಿಗೆ ಕೊಟ್ಟರೆ ಅವರಿಗೆ ಲಾಭ ಜಾಸ್ತಿ. ಚಿಪ್ ಮಾಡುವವರೇ ಮನೆ ಬಳಕೆಯ ಮಾಲು ಬಿಟ್ಟರೆ, ಅವರಿಂದ ಉಳಿದದ್ದು ಕೊಂಡು ಮಾರುವ ಸಣ್ಣವರ ಕತೆ ಯೋಚಿಸಿ. ಇಂಥ ಹೊತ್ತಿನಲ್ಲಿ ಕಳಪೆ ಚಿಪ್ ತುಂಬುವ ಆಸೆ ಹುಟ್ಟುತ್ತದೆ.

ನಾನು ಮಾಡುವುದು ಇಷ್ಟು. ಕಂಪನಿಯ ತಾಣಕ್ಕೆ ಹೋಗಿ ಹೊಸ ಮಾಲನ್ನು ನೋಡುವುದಿಲ್ಲ, ಐದು ವರ್ಷ ಹಳೆಯ ಮಾಡೆಲ್ ಹುಡುಕುತ್ತೇನೆ. ಅದರ ಪುಟ ಇನ್ನೂ ಇದೆಯಾ? ಫರ್ಮ್‌ವೇರ್ ಇಳಿಸಿಕೊಳ್ಳಬಹುದಾ? ಕೊನೆಯ ಅಪ್‌ಡೇಟ್ ಯಾವಾಗ? ಮಾರಿ ಮುಗಿಸಿದ ಮಾಲಿನ ಪುಟವನ್ನು ಯಾರು ಅಳಿಸಿಲ್ಲವೋ ಅವರು ಫೋನ್ ಕೂಡ ಎತ್ತುತ್ತಾರೆ, ನನ್ನ ಅನುಭವ ಇದು. ಆಮೇಲೆ ವಾರಂಟಿ ಕಾಗದ ಪೂರ್ತಿ ಓದುತ್ತೇನೆ. ಕೆಟ್ಟ ಮಾಲನ್ನು ಎಲ್ಲಿಗೆ ಕಳಿಸಬೇಕು, ಸಾಗಣೆ ಖರ್ಚು ಯಾರದ್ದು, ಇದು ಸ್ಪಷ್ಟವಾಗಿ ಬರೆದಿರಬೇಕು. ಹತ್ತು ವರ್ಷ ಅಂತ ದೊಡ್ಡ ಅಕ್ಷರದಲ್ಲಿ ಬರೆದು ವಿಳಾಸವೇ ಕೊಡದವರನ್ನು ಬಿಟ್ಟುಬಿಡಿ.

ಕೊನೆಗೆ, ಕೊಳ್ಳುವ ಮೊದಲು ಅವರಿಗೆ ಒಂದು ಪ್ರಶ್ನೆ ಕಳಿಸಿ. ಈ ಡ್ರೈವ್‌ನಲ್ಲಿ ಯಾವ ಕಂಟ್ರೋಲರ್ ಇದೆ, ಟಿಎಲ್‌ಸಿಯಾ ಕ್ಯೂಎಲ್‌ಸಿಯಾ, ಅಷ್ಟೇ ಕೇಳಿ. ಇವು ನ್ಯಾಂಡ್ ಚಿಪ್‌ನ ಎರಡು ಬಗೆ, ಒಂದು ಕೋಶದಲ್ಲಿ ಟಿಎಲ್‌ಸಿ ಮೂರು ಬಿಟ್ ಇಡುತ್ತದೆ, ಕ್ಯೂಎಲ್‌ಸಿ ನಾಲ್ಕು. ಕ್ಯೂಎಲ್‌ಸಿ ಕೆಟ್ಟದ್ದು ಅಂತಲ್ಲ. ಆದರೆ ದೊಡ್ಡ ವಿಡಿಯೊ ಫೈಲ್‌ಗಳನ್ನು ಒಂದೇ ಸಮ ಬರೆಯುತ್ತಾ ಹೋದರೆ ಅದು ಬೇಗ ಸುಸ್ತಾಗುತ್ತದೆ. ನಿಮ್ಮ ತಂಗಿಯ ಕೆಲಸ ಅದೇ ತಾನೆ.

ಮತ್ತೆ ಡ್ರೈವ್ ಯಾವುದೇ ಇರಲಿ, ಎರಡನೆಯ ಪ್ರತಿ ಬೇರೆ ಡ್ರೈವ್‌ನಲ್ಲಿ ಇರಲೇಬೇಕು. ವಾರಂಟಿಯಲ್ಲಿ ಹೊಸ ಡ್ರೈವ್ ಸಿಗುತ್ತದೆ, ಹಳೆಯ ಡೇಟಾ ಯಾರೂ ಕೊಡುವುದಿಲ್ಲ. ಅದಕ್ಕೆ ಅತ್ತವರನ್ನು ನಾನು ನೋಡಿದ್ದೇನೆ.

ಮತ್ತೆ — ಮೊದಲ ಬಿಲ್ಡ್

ನೀವು ಹೇಳಿದ ಹಾಗೆ ಎರಡೂ ಕಂಪನಿಗೆ ಬರೆದೆ. ಒಂದರಿಂದ ತಾನಾಗಿ ಬರುವ ಉತ್ತರ ಮಾತ್ರ ಬಂತು, ನಿಮ್ಮ ಪ್ರಶ್ನೆ ನಮಗೆ ಮುಖ್ಯ ಅಂತ. ನಾಲ್ಕು ದಿನ ಆಯಿತು, ಮುಂದೆ ಏನೂ ಇಲ್ಲ.

ಇನ್ನೊಂದರಿಂದ ಮರುದಿನವೇ ಉತ್ತರ ಬಂತು. ಕಂಟ್ರೋಲರ್ ಹೆಸರು ಬರೆದಿದ್ದರು. ಈಗ ಬರುತ್ತಿರುವ ಬ್ಯಾಚ್ ಟಿಎಲ್‌ಸಿ, ಮುಂದಿನ ಬ್ಯಾಚ್‌ಗೆ ಬೇರೆ ಕಂಪನಿಯ ನ್ಯಾಂಡ್ ಬರಬಹುದು, ಆದರೆ ಈ ಮಾಡೆಲ್‌ನಲ್ಲಿ ಕ್ಯೂಎಲ್‌ಸಿ ಹಾಕುವುದಿಲ್ಲ ಅಂದರು. ಯಾವ ಕೆಲಸಕ್ಕೆ ಬಳಸುತ್ತೀರಿ ಅಂತಲೂ ಕೇಳಿದರು. ವಿಡಿಯೊ ಎಡಿಟಿಂಗ್ ಅಂದೆ. ಹಾಗಾದರೆ ಇದಕ್ಕೆ ಹೀಟ್‌ಸಿಂಕ್ ಹಾಕಿ, ನಿಮ್ಮ ಮದರ್‌ಬೋರ್ಡ್ ಜೊತೆ ಬಂದಿರುವುದೇ ಸಾಕು, ನಮ್ಮದು ಬೇರೆ ಕೊಳ್ಳಬೇಡಿ ಅಂತ ಬರೆದಿದ್ದಾರೆ.

ಅದನ್ನೇ ಆರ್ಡರ್ ಮಾಡಿದ್ದೇನೆ. ಬ್ಯಾಕಪ್‌ಗೆ ಇನ್ನೊಂದು ಡ್ರೈವ್ ಕೂಡ. ಪವರ್ ಸಪ್ಲೈ ಇನ್ನೂ ಬಂದಿಲ್ಲ. ಬಂದ ಕೂಡಲೇ ಲೇಬಲ್ ಫೋಟೊ ಇಲ್ಲಿ ಹಾಕುತ್ತೇನೆ, ಆ ಇ ನಂಬರ್ ಯಾರದ್ದು ಅಂತ ನೋಡೋಣ.